ಕರೆಯಲು ಹೋದ ನಾಲ್ಕು ಭಾನುವಾರ

ನನ್ನ ಸಂಶೋಧನೆಯ ವಿಷಯ ಏನೆಂದು ಕೇಳಿದವರಿಗೆ ಮೊದಮೊದಲು ನಾನು ನಿಜವನ್ನೇ ಹೇಳುತ್ತಿದ್ದೆ. ಶಿಕಾರಿಪುರದ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು ನಾನು. ನಲವತ್ತಾರನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದವನಿಗೆ ಯಾರಾದರೂ ಕೇಳಿದರೆ ಸಾಕು, ಉತ್ಸಾಹ ಉಕ್ಕಿಬಿಡುತ್ತದೆ. ಒಬ್ಬ ಕುಡುಕ ದೀಪದ ಕಂಬದ ಬುಡದಿಂದ ಹೊರಟಿದ್ದಾನೆ ಅಂದುಕೊಳ್ಳಿ, ಎಂದು ಶುರು ಮಾಡುತ್ತಿದ್ದೆ. ಮುಂದಿನ ಹೆಜ್ಜೆ ಎಡಕ್ಕೋ ಬಲಕ್ಕೋ ಅವನಿಗೇ ಗೊತ್ತಿಲ್ಲ. ನೂರು ಹೆಜ್ಜೆ ಇಟ್ಟ ಮೇಲೆ ಅವನು ಕಂಬದಿಂದ ಎಷ್ಟು ದೂರದಲ್ಲಿರುತ್ತಾನೆ? ಹೆಚ್ಚುಕಡಿಮೆ ಹತ್ತೇ ಹೆಜ್ಜೆ. ನಾನೂರು ಹೆಜ್ಜೆ ಇಟ್ಟರೆ ಇಪ್ಪತ್ತು. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ, ಮೇಷ್ಟ್ರು ಕುಡುಕರ ಮೇಲೆ ಪುಸ್ತಕ ಬರೆಯುತ್ತಿದ್ದಾರಂತೆ ಎಂದು ನಮ್ಮ ಬಳಗದಲ್ಲೆಲ್ಲ ಸುದ್ದಿಯಾಯಿತು. ದೂರದ ನೆಂಟರೊಬ್ಬರು ತಮ್ಮ ಅಳಿಯನನ್ನು ಮನೆಗೇ ಕರೆದುಕೊಂಡು ಬಂದು, ಇವನಿಗೂ ನಾಲ್ಕು ಮಾತು ಹೇಳಿ ಎಂದು ನನ್ನ ಮುಂದೆ ಕೂರಿಸಿದರು. ಅಳಿಯ ಪಾಪ ಬಹಳ ಸಭ್ಯ. ನಾನು ಸಂಕೋಚದಿಂದ ಅವನಿಗೆ ವರ್ಗಮೂಲದ ವಿಚಾರ ಹೇಳಿ ಕಳಿಸಿದೆ.

ನಿಜ ಹೇಳಬೇಕೆಂದರೆ ನನ್ನ ಪ್ರಬಂಧದಲ್ಲಿ ಕುಡುಕನ ಪಾತ್ರ ಮೊದಲ ಪುಟಕ್ಕೇ ಮುಗಿಯುತ್ತದೆ. ಕುಡುಕನಿಗೆ ಹಿಂದಿನ ಹೆಜ್ಜೆ ನೆನಪಿರುವುದಿಲ್ಲ. ನನ್ನ ನಡೆಯುವವನಿಗೆ ಎಲ್ಲವೂ ನೆನಪಿರುತ್ತದೆ. ಹೆಜ್ಜೆ ಎತ್ತುವ ಮುಂಚೆ ಪ್ರತಿ ಸಲವೂ ಅವನು ತನ್ನ ಹಳೆಯ ಹೆಜ್ಜೆಗಳಲ್ಲಿ ಯಾವುದೋ ಒಂದನ್ನು ನೆನಪಿಸಿಕೊಳ್ಳುತ್ತಾನೆ. ನಿನ್ನೆಯದಾಗಬಹುದು, ನಲವತ್ತು ವರ್ಷದ ಹಿಂದಿನದೂ ಆಗಬಹುದು, ಎರಡಕ್ಕೂ ಒಂದೇ ತೂಕ. ನೆನಪಾದದ್ದನ್ನು ಹಾಗೆಯೇ ಮಾಡುತ್ತಾನೆ, ಇಲ್ಲವೇ ಅದರ ಉಲ್ಟಾ ಮಾಡುತ್ತಾನೆ. ಅಷ್ಟೇ ನಿಯಮ. ಆನೆ ಏನನ್ನೂ ಮರೆಯುವುದಿಲ್ಲ ಎನ್ನುತ್ತಾರಲ್ಲ, ಅದಕ್ಕೇ ಇದಕ್ಕೆ ಆನೆಯ ನಡಿಗೆ ಎಂದು ಹೆಸರು. ನಾಲ್ಕು ಸಲದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹಳೆಯದನ್ನೇ ಮಾಡುವ ಆನೆ ಕುಡುಕನಿಗಿಂತ ಬೇಗ ದೂರ ಹೋಗುತ್ತದೆ. ಇನ್ನೊಂದು ಜಾತಿಯ ನಡಿಗೆಯೂ ಉಂಟು. ಅದರಲ್ಲಿ ನಡೆಯುವವನು ಹೋದಹೋದಲ್ಲಿ ನಿಂತುಬಿಡುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದಕ್ಕೆ ಸರಾಸರಿಯೇ ಇಲ್ಲ. ಅವನು ಕುಡುಕನಿಗಿಂತಲೂ ಹಿಂದೆ ಬೀಳುತ್ತಾನೆ. ಹೀಗೆ ಲೆಕ್ಕ ಮೀರಿ ಹರಡುವುದಕ್ಕೂ ಲೆಕ್ಕಕ್ಕಿಂತ ಹಿಂದೆ ಉಳಿಯುವುದಕ್ಕೂ ನಾವು ಅಸಹಜ ವಿಸರಣ ಎನ್ನುತ್ತೇವೆ. ನನ್ನ ಮಾರ್ಗದರ್ಶಕರು ಎರಡು ಅಧ್ಯಾಯ ಓದಿ, ಸೂತ್ರಗಳು ಸಾಕು, ಜೀವನದಿಂದ ಒಂದು ಉದಾಹರಣೆ ಕೊಡಿ ಎಂದು ವಾಪಸು ಕಳಿಸಿದ್ದರು. ಜೀವನದಲ್ಲಿ ಉದಾಹರಣೆ ಹುಡುಕುವುದು ಗಣಿತದವರಿಗೆ ಕಷ್ಟದ ಕೆಲಸ. ನಾನು ತಲೆ ಕೆರೆದುಕೊಳ್ಳುತ್ತ ಕೂತಿದ್ದೆ.

ಅದೇ ಹೊತ್ತಿಗೆ ನನ್ನ ಅಕ್ಕನ ಕಿರಿಮಗಳ ಮದುವೆ ಗೊತ್ತಾಯಿತು.

ಅಕ್ಕನ ಮನೆಯೂ ಶಿಕಾರಿಪುರದಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾವನವರದು ಬೀಜ-ಗೊಬ್ಬರದ ಅಂಗಡಿ. ಅರವತ್ತೆಂಟು ವರ್ಷ, ಹಣೆಯ ಮೇಲೆ ಅಗಲವಾದ ವಿಭೂತಿ, ಮಾತು ಮೆಲ್ಲಗೆ. ಅವರ ವಂಶದಲ್ಲಿ ಯಾರ ಮನೆಯ ಮದುವೆಯಾದರೂ ಊರೂರಿಗೆ ಹೋಗಿ ಕರೆಯುವ ಕೆಲಸ ಅವರದೇ. ನಲವತ್ತು ವರ್ಷದಿಂದ ಅವರೇ ಮಾಡುತ್ತಿದ್ದಾರೆ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಫೋನಿನಲ್ಲಿ ಪತ್ರಿಕೆಯ ಫೋಟೋ ಕಳಿಸುವುದಲ್ಲ. ಕಳಿಸುತ್ತಾರೆ, ಆದರೆ ಅದನ್ನು ಯಾರೂ ಕರೆದದ್ದೆಂದು ಒಪ್ಪುವುದಿಲ್ಲ. ಮನೆಗೆ ಹೋಗಬೇಕು, ಕೂರಬೇಕು, ಹೆಂಗಸರಿಗೆ ಕುಂಕುಮ ಕೊಡಬೇಕು, ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಎಲ್ಲರೂ ಬರಬೇಕು ಎಂದು ಬಾಯಿ ತುಂಬ ಹೇಳಬೇಕು. ಭಾವನ ಮೊಣಕಾಲು ಈಗ ಬೈಕಿಗೆ ಒಗ್ಗುವುದಿಲ್ಲ. ನನ್ನ ಹತ್ತಿರ ಕಾರಿದೆ. ಹುಡುಗಿಯ ಸೋದರಮಾವ ಬೇರೆ. ಹೀಗಾಗಿ ಕೇಳದೆಯೇ ನಾನು ಡ್ರೈವರ್ ಆದೆ.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಕಟ್ಟಪ್ಪಣೆ ಮಾಡಿದಳು.

"ಯಾರನ್ನ ಕರೀತಾರೋ ಯಾರನ್ನ ಬಿಡ್ತಾರೋ ನಂಗೆ ಬ್ಯಾಡ. ಅವರ ತಂಗಿ ಮನಿಗೆ ಕರ್ಕೊಂಡು ಹೋಗು. ಅತ್ತಿ ಇಲ್ದೆ ಇನ್ನೊಂದು ಮದುವಿ ನಾನು ಮಾಡಲ್ಲ."

ಭಾವನಿಗೆ ಇರುವುದು ಒಬ್ಬಳೇ ತಂಗಿ. ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಹನ್ನೆರಡು ವರ್ಷದ ಹಿಂದೆ ಹಿರಿಮಗಳ ಮದುವೆಯಾದಾಗ ಆ ಒಬ್ಬ ತಂಗಿಯ ಪತ್ರಿಕೆಯನ್ನು ಭಾವ ಖುದ್ದಾಗಿ ಕೊಡಲಿಲ್ಲ. ಬಸ್ಸಿನಲ್ಲಿ ಕಳಿಸಿದರು. ಡ್ರೈವರ್ ಅದನ್ನು ಊರಿನ ಸ್ಟಾಪಿನಲ್ಲಿದ್ದ ಚಹಾದಂಗಡಿಯವನಿಗೆ ಕೊಟ್ಟ, ಅಂಗಡಿಯವನು ಹಾಲು ಹಾಕಲು ಬಂದ ಯಾರಿಗೋ ಕೊಟ್ಟ, ಅವರು ಮನೆಗೆ ಮುಟ್ಟಿಸಿದರು. ಬೀಗರ ಬೀಗರ ಮನೆಗೂ ಕುಂಕುಮ ಹಿಡಿದು ಹೋಗುವ ಮನುಷ್ಯ ಒಡಹುಟ್ಟಿದವಳಿಗೆ ಮೂರು ಕೈ ದಾಟಿಸಿ ಪತ್ರಿಕೆ ಕಳಿಸಿದ್ದರು. ತಂಗಿ ಆ ಮದುವೆಗೆ ಬರಲಿಲ್ಲ. ಅತ್ತೆ ಎತ್ತಬೇಕಾದ ಆರತಿಯನ್ನು ಬೇರೆ ಯಾರೋ ಎತ್ತಿದರು. ಆಮೇಲೆ ಅಣ್ಣ ತಂಗಿ ಬೇರೆಯವರ ಮನೆಯ ಮದುವೆಯಲ್ಲೋ ಸಾವಿನಲ್ಲೋ ಸಿಕ್ಕರೆ, ಆರಾಮಾ ಎಂದರೆ ಆರಾಮು, ಅಷ್ಟೇ ಮಾತು. ಅಣ್ಣನ ಮನೆಯ ಹೊಸಿಲನ್ನು ತಂಗಿ ತುಳಿದಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಅಕ್ಕ ಕೇಳಿದಾಗಲೆಲ್ಲ ಭಾವ ಹೇಳುವ ಉತ್ತರ ಒಂದೇ, ಹೊತ್ತು ಸಾಲಲಿಲ್ಲ. ಹಿರಿಮಗಳ ಮದುವೆಯ ದಿನ ತಾಳಿ ಕಟ್ಟುವ ಹೊತ್ತಿನಲ್ಲೂ ಅವರು ಮೂರು ಸಲ ಬಾಗಿಲ ಕಡೆ ತಿರುಗಿ ನೋಡಿದ್ದನ್ನು ಅಕ್ಕ ಕಂಡಿದ್ದಳು. ಅದನ್ನು ನನಗೆ ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೇ ಹೊರಟೆವು. ಭಾವ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪತ್ರಿಕೆಗಳ ಬಟ್ಟೆ ಚೀಲ, ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು. ಪಟ್ಟಿ ಎಲ್ಲಿ ಎಂದು ಕೇಳಿದೆ. ಅವರು ಬೆರಳಿನಿಂದ ಹಣೆ ತಟ್ಟಿಕೊಂಡರು. ಮೊದಲು ತಂಗಿ ಮನೆ, ಆಮೇಲೆ ಉಳಿದದ್ದು ಎಂದು ಅವರೇ ಹೇಳಿದರು. ನನಗೆ ಖುಷಿಯಾಯಿತು. ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಳಿದರೆ ಹತ್ತು ಗಂಟೆಯೊಳಗೆ ಅಕ್ಕನಿಗೆ ಫೋನು ಮಾಡಬಹುದು ಎಂದು ಲೆಕ್ಕ ಹಾಕಿದೆ.

ಲೆಕ್ಕ ನಮ್ಮದೇ ಬೀದಿಯ ತುದಿಯಲ್ಲಿ ತಪ್ಪಿತು. ಅಲ್ಲಿ ಹಳೆಯ ಪರಿಚಯದವರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಕಂಡ ಮೇಲೆ ಕರೆಯದೆ ಹೋಗುವುದು ಹೇಗೆ? ಇಳಿದೆವು. ಕರೆಯುವ ಕೆಲಸಕ್ಕೆ ಒಂದು ಒಳಗಿನ ವ್ಯಾಕರಣ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಚಹಾ ಬರುವ ಮುಂಚೆ ಪತ್ರಿಕೆ ತೆಗೆಯಬಾರದು, ಬಂದದ್ದು ಕೆಲಸಕ್ಕೇ ಎಂದಾಗುತ್ತದೆ. ಪತ್ರಿಕೆ ಕೊಟ್ಟ ಕೂಡಲೇ ಏಳಬಾರದು, ಕೆಲಸ ಮುಗಿಯಿತು ಎಂದಾಗುತ್ತದೆ. ಹಾಗಾಗಿ ಚಹಾಕ್ಕೆ ಮುಂಚೆ ಮಳೆ ಬೆಳೆಯ ಮಾತು, ಪತ್ರಿಕೆಯ ನಂತರ ಮಂಡಿನೋವಿನ ಮಾತು. ಒಂದು ಮನೆಯಲ್ಲಿ ಯಜಮಾನತಿ ಸ್ನಾನಕ್ಕೆ ಹೋಗಿದ್ದರು, ಮುಕ್ಕಾಲು ಗಂಟೆ ಕಾದೆವು. ಇನ್ನೊಂದು ಮನೆಯಲ್ಲಿ ಬಂದ ಕೆಲಸ ಐದೇ ನಿಮಿಷಕ್ಕೆ ಮುಗಿದು, ಎದ್ದೂ ಆಗಿತ್ತು. ಅಷ್ಟರಲ್ಲಿ ಅವರ ಸೊಸೆ ಒಲೆಯ ಮೇಲೆ ಉಪ್ಪಿಟ್ಟು ಇಟ್ಟಿದ್ದಾಳೆ ಎಂದು ತಿಳಿಯಿತು. ಎರಡು ಗಂಟೆ ಹೋಯಿತು. ನಾನು ಕಾರಿನ ಕೀಲಿಕೈ ತಿರುಗಿಸುತ್ತ ಕೂತಿದ್ದಾಗ ಥಟ್ಟನೆ ಹೊಳೆಯಿತು, ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದಕ್ಕೆ ಸರಾಸರಿಯೇ ಇಲ್ಲದ ಮನುಷ್ಯ ನನ್ನ ಭಾವನೇ. ಮಾರ್ಗದರ್ಶಕರು ಕೇಳಿದ ಉದಾಹರಣೆ ನನ್ನ ಪಕ್ಕದ ಸೀಟಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು.

ನಿಲ್ಲುವುದು ಹಾಗಿರಲಿ, ಹೊರಳುವುದು ಇನ್ನೂ ಚೆನ್ನಾಗಿತ್ತು. ದಾರಿ ಕವಲೊಡೆದಲ್ಲೆಲ್ಲ ನಾನು ಕಾರು ನಿಧಾನ ಮಾಡುತ್ತಿದ್ದೆ, ಭಾವ ಕಣ್ಣು ಅರೆಮುಚ್ಚಿ ಯಾವುದಾದರೂ ಒಂದು ಹಳೆಯ ಮದುವೆಯನ್ನು ನೆನಪಿಸಿಕೊಳ್ಳುತ್ತಿದ್ದರು. ಚಿಕ್ಕಪ್ಪನ ಮಗನ ಮದುವೆಗೆ ಇಲ್ಲಿಂದ ಎಡಕ್ಕೆ ಹೋಗಿದ್ದೆವು, ಚೆನ್ನಾಗಿ ಮಾತಾಡಿಸಿದ್ದರು, ಎಡಕ್ಕೇ ಹೋಗೋಣ. ಇನ್ನೊಂದು ಕವಲಿನಲ್ಲಿ, ನನ್ನದೇ ಮದುವೆಗೆ ಅಪ್ಪ ಇಲ್ಲಿಂದ ಬಲಕ್ಕೆ ಹೋಗಿದ್ದರು, ಎಡಗಡೆಯವರು ಮುಖ ಊದಿಸಿಕೊಂಡಿದ್ದರು, ಈ ಸಲ ಉಲ್ಟಾ ಮಾಡೋಣ. ಯಾವ ಕವಲಿನಲ್ಲಿ ಯಾವ ಮದುವೆ ನೆನಪಾಗುತ್ತದೆ ಎಂಬುದಕ್ಕೆ ನಿಯಮವಿಲ್ಲ. ಕಳೆದ ವರ್ಷದ್ದೂ ಅರ್ಧ ಶತಮಾನದ ಹಿಂದಿನದೂ ಅವರ ತಲೆಯಲ್ಲಿ ಅಕ್ಕಪಕ್ಕ ಕೂತಿದ್ದವು. ನಾನು ಎರಡು ವರ್ಷ ಕೂತು ಕಾಗದದ ಮೇಲೆ ಬರೆದ ಆನೆ ಇದೇ ತಾನೇ! ನನಗೆ ನಗು ತಡೆಯಲಾಗಲಿಲ್ಲ. ಸಂಜೆ ಹೊತ್ತಿಗೆ ಹದಿನೇಳು ಮನೆ ಮುಗಿಸಿದ್ದೆವು, ಶಿಕಾರಿಪುರ ದಾಟಿ ನಾಲ್ಕು ಕಿಲೋಮೀಟರೂ ಹೋಗಿರಲಿಲ್ಲ. ತಂಗಿಯ ಮನೆ ಮುಂದಿನ ವಾರಕ್ಕೆ ಹೋಯಿತು.

ಎರಡನೇ ಭಾನುವಾರ ನಾನು ಒಂದು ನೋಟುಪುಸ್ತಕ ಇಟ್ಟುಕೊಂಡೇ ಹೋದೆ. ಎಷ್ಟನೇ ಮನೆ, ಎಷ್ಟು ನಿಮಿಷ ಕೂತದ್ದು, ನಮ್ಮ ಮನೆಯಿಂದ ಎಷ್ಟು ದೂರ, ಎಲ್ಲ ಬರೆದುಕೊಂಡೆ. ಒಂದು ಮನೆಯಲ್ಲಿ ಚಕ್ಕುಲಿ ತಿನ್ನುತ್ತಲೇ ಗ್ರಾಫು ಎಳೆದೆ. ಕುಡುಕನ ಗೆರೆ ಮೇಲೆ ಇತ್ತು, ನಮ್ಮದು ಅದರ ಕೆಳಗೆ ತೆವಳುತ್ತಿತ್ತು. ಭಾವ ಕಾರಿನಲ್ಲಿ ಅದನ್ನು ನೋಡಿ ಏನೆಂದು ಕೇಳಿದರು. ಮುಚ್ಚಿಡದೆ ಹೇಳಿದೆ. ಕಣ್ಣು ಕಾಣದಷ್ಟು ಕುಡಿದವನೊಬ್ಬ ನಮ್ಮ ಜೊತೆಗೇ ಹೊರಟಿದ್ದರೆ ಇಷ್ಟು ಹೊತ್ತಿಗೆ ನಮಗಿಂತ ಮುಂದೆ ಇರುತ್ತಿದ್ದ ಎಂದೆ. ಅವರು ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ.

"ಕುಡುಕಂಗೆ ದಾರಿ ಮ್ಯಾಲೆ ಯಾರೂ ಚಾ ಕೊಡಲ್ಲ, ಮೇಷ್ಟ್ರೇ. ಅದಕ್ಕೇ ಬೇಗ ಹೋಗ್ತಾನೆ," ಎಂದರು.

ಈ ಒಂದು ವಾಕ್ಯವನ್ನು ಗಣಿತದ ಭಾಷೆಯಲ್ಲಿ ಹೇಳಲು ನನಗೆ ಹನ್ನೊಂದು ಪುಟ ಬೇಕಾಗಿತ್ತು. ಆ ಸಂಜೆ ಮನೆಗೆ ಬಂದು ಅಕ್ಕನಿಗೆ ಗ್ರಾಫು ತೋರಿಸಿದೆ. ಅವಳು ಅದನ್ನು ಅಡ್ಡ ಹಿಡಿದು ಉದ್ದ ಹಿಡಿದು ನೋಡಿ, ಇದರಲ್ಲಿ ನನ್ನ ನಾದಿನಿಯ ಮನೆ ಎಲ್ಲಿದೆ ಎಂದು ಕೇಳಿದಳು. ಎಲ್ಲೂ ಇರಲಿಲ್ಲ. ಇದನ್ನು ನೋಡಲು ನಿನ್ನನ್ನು ಕಳಿಸಿದ್ದಲ್ಲ ಎಂದು ಬೈದಳು, ನಾನು ಬೈಸಿಕೊಂಡದ್ದು ನ್ಯಾಯವೇ ಆಗಿತ್ತು.

ಮೂರನೇ ಭಾನುವಾರ ಹಟ ಹಿಡಿದು ಶಿರಾಳಕೊಪ್ಪದವರೆಗೆ ಕರೆದುಕೊಂಡು ಹೋದೆ. ಅಲ್ಲಿ ಭಾವನಿಗೆ ಗುರುತಿಲ್ಲದ ಅಂಗಡಿಯೇ ಇಲ್ಲ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಪಂಪ್‌ಸೆಟ್ಟಿನ ಅಂಗಡಿ ಎಲ್ಲ ಮುಗಿಸಿ ಸೊರಬದ ರಸ್ತೆ ಒಡೆಯುವಲ್ಲಿಗೆ ಬರುವಾಗ ಮೂರು ಗಂಟೆ. ನಾನು ಇಂಡಿಕೇಟರ್ ಹಾಕಿದೆ. ಭಾವ ಕಣ್ಣು ಅರೆಮುಚ್ಚಿದರು. ದೊಡ್ಡವಳ ಮದುವೆಗೆ ಇಲ್ಲಿಂದ ವಾಪಸು ಹೋಗಿದ್ದೆ ಎಂದರು. ಸರಿ, ಈ ಸಲ ಉಲ್ಟಾ ಮಾಡೋಣ ಎಂದು ನಾನು ನಗಿಸಲು ನೋಡಿದೆ. ಅವರು ನಗಲಿಲ್ಲ. ಬಿಸಿಲು ಇಳಿಯುತ್ತಾ ಬಂತು, ಮುಂದಿನ ವಾರ ಬೆಳಿಗ್ಗೆಯೇ ಬರೋಣ ಎಂದು ಚೀಲದ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡರು.

ಆಗ ನಾನು ಅವರನ್ನು ಸರಿಯಾಗಿ ನೋಡಿದೆ. ಬೇಸಿಗೆಯ ಸೆಖೆಯಲ್ಲಿ ತುಂಬು ತೋಳಿನ ಅಂಗಿ ತೊಟ್ಟು ಮಣಿಕಟ್ಟಿನವರೆಗೆ ಗುಂಡಿ ಹಾಕಿದ್ದರು. ಸದಾ ಪಂಚೆ ಉಡುವವರು ಪ್ಯಾಂಟು ಹಾಕಿ, ಅದರ ಅಂಚನ್ನು ಉದ್ದನೆಯ ಕಾಲುಚೀಲದೊಳಗೆ ತುರುಕಿದ್ದರು. ಬೆಳಿಗ್ಗೆಯಿಂದ ಕಾರಿನೊಳಗೆ ಎಂಥದೋ ಎಣ್ಣೆಯ ವಾಸನೆ ಇತ್ತು, ಸೊಳ್ಳೆಗೆ ಹಚ್ಚಿಕೊಂಡದ್ದು ಎಂದಿದ್ದರು. ಅದು ಸೊಳ್ಳೆಯ ಎಣ್ಣೆಯಲ್ಲ. ಕಾಡಿನ ಅಂಚಿನ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುತ್ತಾರಲ್ಲ, ಉಣುಗು ಎಂಬ ಹುಳ ಕಚ್ಚದಿರಲೆಂದು ಹಚ್ಚುವುದು, ಆ ಎಣ್ಣೆ.

ನನಗೆ ಹನ್ನೆರಡು ವರ್ಷದ ಹಿಂದಿನ ಆ ಬೇಸಿಗೆ ನೆನಪಾಯಿತು. ಭಾವನ ತಂಗಿ ಕೊಟ್ಟಿಗೆಗೆ ಹಾಸಲು ಒಣ ಎಲೆಯ ದರಕು ತರಲೆಂದು ಕಾಡಿನ ಅಂಚಿಗೆ ಹೋಗಿ ಬಂದು ಮಂಗನ ಕಾಯಿಲೆಯಲ್ಲಿ ಮಲಗಿದ್ದರು. ಅದು ಕಾಡಿನ ಉಣುಗು ಕಚ್ಚಿ ಬರುವ ಜ್ವರ, ಮನುಷ್ಯರಿಂದ ಮನುಷ್ಯರಿಗೆ ಅಂಟುವುದಲ್ಲ. ಆರೋಗ್ಯ ಕೇಂದ್ರದವರು ಮೈಕು ಕಟ್ಟಿಕೊಂಡು ಹೇಳಿದ್ದರು. ಆದರೆ ಕಾಯಿಲೆ ಮೊದಲು ಪತ್ತೆಯಾದದ್ದು ಕ್ಯಾಸನೂರಿನಲ್ಲಿ ಎಂಬ ಒಂದೇ ಕಾರಣಕ್ಕೆ ಆ ದಿಕ್ಕಿನ ಗಾಳಿಗೂ ಹೆದರುವ ಜನ ನಮ್ಮಲ್ಲಿದ್ದರು. ಭಾವನೂ ಅವರಲ್ಲೊಬ್ಬರು ಎಂದು ನನಗೆ ಹೊಳೆದಿರಲೇ ಇಲ್ಲ. ಹೊತ್ತು ಸಾಲಲಿಲ್ಲ ಎಂದದ್ದು ಸುಳ್ಳು. ನನಗೆ ಸಿಟ್ಟು ಬಂತು. ಆ ಎಣ್ಣೆ ಹಚ್ಚಿಕೊಂಡಾದರೂ ಇಷ್ಟು ದೂರ ಬಂದಿದ್ದಾರಲ್ಲ ಎಂದು ಕನಿಕರವೂ ಆಯಿತು. ಏನೂ ಹೇಳದೆ ಕಾರು ತಿರುಗಿಸಿದೆ. ಅಕ್ಕನಿಗೂ ಹೇಳಲಿಲ್ಲ, ಅದು ನಾನು ಹೇಳುವ ಮಾತಲ್ಲ ಅನ್ನಿಸಿತು.

ನಾಲ್ಕನೇ ಭಾನುವಾರಕ್ಕೆ ನಾನು ಬುದ್ಧಿ ಉಪಯೋಗಿಸಿದೆ. ಗಣಿತದವನ ಬುದ್ಧಿ, ಅದರಿಂದಲೇ ಅನಾಹುತವಾದದ್ದು. ಮದುವೆಗೆ ಇನ್ನು ಹನ್ನೆರಡೇ ದಿನ ಉಳಿದಿತ್ತು. ಸೊರಬದ ಕಡೆ ಕರೆಯಬೇಕಾದ ಊರುಗಳ ಹೆಸರನ್ನು ಭಾವನ ಬಾಯಿಂದ ಒಂದೊಂದಾಗಿ ಹೊರಡಿಸಿ ಫೋನಿನ ನಕ್ಷೆಗೆ ಹಾಕಿದೆ. ಎಲ್ಲಕ್ಕಿಂತ ಕಡಿಮೆ ಓಡಾಟದಲ್ಲಿ ಮುಗಿಯುವ ದಾರಿಯನ್ನು ಅದೇ ಜೋಡಿಸಿ ಕೊಟ್ಟಿತು. ತಂಗಿಯ ಊರು ಏಳನೆಯದು, ಬರುವಾಗ. ಇವತ್ತು ಕವಲಿನಲ್ಲಿ ಯಾವ ಮದುವೆಯನ್ನೂ ನೆನೆಸಿಕೊಳ್ಳುವ ಹಾಗಿಲ್ಲ, ಫೋನು ಹೇಳಿದ ಕಡೆ ತಿರುಗುವುದು ಎಂದು ಭಾವನಿಗೆ ಹೇಳಿದೆ. ಅವರು ಮರುಮಾತಿಲ್ಲದೆ ಒಪ್ಪಿದರು. ಯಾಕೆ ಅಷ್ಟು ಸುಲಭವಾಗಿ ಒಪ್ಪಿದರು ಎಂದು ನಾನು ಯೋಚಿಸಬೇಕಿತ್ತು. ಏಳನೆಯದು ಎಂದರೆ ಇನ್ನೂ ಆರು ಊರಿನಷ್ಟು ಹೊತ್ತು ಇದೆ, ಅಷ್ಟೇ.

ಶಿರಾಳಕೊಪ್ಪದಲ್ಲಿ ಸೊರಬದ ಕಡೆ ಹೊರಳಿದಾಗ ನನಗೆ ಗೆದ್ದಷ್ಟು ಸಂತೋಷ. ದಾರಿಯಲ್ಲಿ ಎರಡು ಊರು ಮುಗಿಸಿದೆವು. ಮೂರನೆಯದಕ್ಕೆ ಹೋಗುವ ರಸ್ತೆ ತಂಗಿಯ ಊರನ್ನು ಸೀಳಿಕೊಂಡೇ ಹೋಗುತ್ತದೆಂದು ನಾನು ಗಮನಿಸಿರಲಿಲ್ಲ. ಹಿಂದೆ ಒಮ್ಮೆ ಬಂದಾಗ ಅವರ ಮನೆಗೆ ಒಳದಾರಿಯಲ್ಲಿ ನಡೆದು ಹೋಗಿದ್ದೆ. ಈಗ ಅವರ ಜಗಲಿಯ ಎದುರಿಗೇ ಡಾಂಬರು ರಸ್ತೆ ಬಂದಿದೆ.

ಭಾವನ ತಂಗಿ ಜಗಲಿಯ ಮೇಲೆ ಮೊರದಲ್ಲಿ ಏನೋ ಕೇರುತ್ತ ಕೂತಿದ್ದರು. ಕಾರು ಕಂಡು ತಲೆ ಎತ್ತಿದರು. ಮುಂದಿನ ಸೀಟಿನಲ್ಲಿ ಅಣ್ಣ, ತೊಡೆಯ ಮೇಲೆ ಪತ್ರಿಕೆಯ ಚೀಲ. ಮೊರವನ್ನು ಪಕ್ಕಕ್ಕಿಟ್ಟು ಎದ್ದು ನಿಂತರು, ತಲೆಯ ಮೇಲೆ ಸೆರಗು ಎಳೆದುಕೊಂಡರು. ನಾನು ಅವರನ್ನು ನೋಡಿದೆ, ಗುರುತೂ ಸಿಕ್ಕಿತು. ನನ್ನ ತಲೆಯಲ್ಲಿ ಬಂದದ್ದು ಮಾತ್ರ, ಇದು ಏಳನೆಯದು, ಬರುವಾಗ. ಮೂರನೇ ಗೇರಿನಲ್ಲಿ ಹಾಗೇ ಮುಂದೆ ಹೋದೆ.

ನಮ್ಮ ಸೀಮೆಯಲ್ಲಿ ಕರೆಯಲು ಹೊರಟವರು ಮಾಡಬಾರದ ತಪ್ಪುಗಳು ಹತ್ತಾರಿವೆ. ತಡವಾಗಿ ಹೋದದ್ದನ್ನು ಕ್ಷಮಿಸುತ್ತಾರೆ, ಹೆಸರು ತಪ್ಪಿ ಬರೆದದ್ದನ್ನು ಕ್ಷಮಿಸುತ್ತಾರೆ. ಪತ್ರಿಕೆ ಹಿಡಿದುಕೊಂಡು ಮನೆಯ ಮುಂದೆಯೇ ಹಾದು, ಎದ್ದು ನಿಂತವರನ್ನು ಬಿಟ್ಟು ಹೋಗುವುದನ್ನು ಯಾರೂ ಕ್ಷಮಿಸುವುದಿಲ್ಲ.

"ನಿಲ್ಲಿಸ್ರಿ ಮೇಷ್ಟ್ರೇ," ಎಂದರು ಭಾವ.

ಬರುವಾಗ ನಿಲ್ಲಿಸೋಣ ಎಂದೆ. ಅವರು ಬಾಗಿಲಿನ ಹಿಡಿ ಎಳೆದರು. ಗಾಬರಿಯಾಗಿ ಬ್ರೇಕ್ ಹಾಕಿದೆ. ರಿವರ್ಸ್ ತೆಗೆದುಕೊಳ್ಳುತ್ತೇನೆ ಕೂತಿರಿ ಎನ್ನುವಷ್ಟರಲ್ಲಿ ಅವರು ಇಳಿದಾಗಿತ್ತು. ಚೀಲವನ್ನು ಸೀಟಿನ ಮೇಲೇ ಬಿಟ್ಟು, ಕುಂಕುಮದ ಬಟ್ಟಲನ್ನೂ ಬಿಟ್ಟು, ನೋವಿನ ಮೊಣಕಾಲಿನಲ್ಲಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಕಾರು ಹೆಚ್ಚೆಂದರೆ ಇನ್ನೂರು ಹೆಜ್ಜೆ ಮುಂದೆ ಬಂದಿತ್ತು. ನಡುವೆ ಎರಡು ಮನೆ. ಮೊದಲ ಮನೆಯವರು ಗುರುತು ಹಿಡಿದು, ಬರ್ರಿ ಬರ್ರಿ, ಕೂರ್ರಿ ಎಂದರು. ಎರಡನೇ ಮನೆಯ ಅಜ್ಜಿ ಚಾಪೆಯನ್ನೇ ಬಿಡಿಸಿದರು. ಭಾವ ಯಾರನ್ನೂ ತಿರುಗಿ ನೋಡಲಿಲ್ಲ. ನಾಲ್ಕು ಭಾನುವಾರದಲ್ಲಿ ಮೊದಲ ಸಲ ಅವರು ತಮ್ಮನ್ನು ಕೂಗಿ ಕರೆದ ಮನೆಯನ್ನು ದಾಟಿ ಹೋಗುವುದನ್ನು ನಾನು ನೋಡಿದೆ.

ಚೀಲವನ್ನೂ ಬಟ್ಟಲನ್ನೂ ಹಿಡಿದು ನಾನು ಹಿಂದೆ ಓಡಿದೆ. ಅಷ್ಟರಲ್ಲಿ ತಂಗಿ ಒಳಗೆ ಹೋಗಿ, ಮನಸ್ಸು ತಡೆಯದೆಯೋ ಏನೋ ಮತ್ತೆ ಹೊರಗೆ ಬಂದು ಕಂಬದ ಪಕ್ಕ ನಿಂತಿದ್ದರು. ಅಣ್ಣ ಅಂಗಳದಲ್ಲಿ, ತಂಗಿ ಜಗಲಿಯ ಮೇಲೆ. ಆರಾಮಾ ಎಂದು ಇಬ್ಬರೂ ಕೇಳಲಿಲ್ಲ. ಎಷ್ಟು ಮನೆ ಆಯಿತು ಎಂದು ತಂಗಿ ಕೇಳಿದರು. ನೂರಾ ಹನ್ನೊಂದು ಎಂದರು ಭಾವ. ಅವರು ಈ ವಿಷಯದಲ್ಲಿ ಸುಳ್ಳು ಹೇಳುವವರಲ್ಲ.

"ಅವತ್ತು ನೀನು ಬಸ್ಸಿನಾಗೆ ಕಳಿಸಿದ್ದೆ. ಇವತ್ತು ಕಾರಿನಾಗೆ ಮುಂದೆ ಹೋದೆ," ಎಂದರು ತಂಗಿ. ದನಿ ಏರಿರಲಿಲ್ಲ.

ಇದು ನನ್ನ ತಪ್ಪು, ಫೋನು ಇದನ್ನು ಏಳನೆಯದು ಎಂದು ಹಾಕಿತ್ತು, ಓಡಾಟ ಉಳಿಯಲಿ ಎಂದು, ಎಂದು ನಾನು ವಿವರಿಸಲು ಹೋದೆ. ಇಬ್ಬರೂ ನನ್ನ ಕಡೆ ತಿರುಗಿ ನೋಡಿದರು. ಇಂಥ ನೋಟವನ್ನು ನಾನು ತರಗತಿಯಲ್ಲೂ ಕಂಡಿಲ್ಲ. ಬಾಯಿ ಮುಚ್ಚಿಕೊಂಡು ಜಗಲಿಯ ತುದಿಗೆ ಸರಿದೆ.

ಭಾವ ಎಲ್ಲಿ ಹೊತ್ತು ಸಾಲಲಿಲ್ಲ ಎಂದುಬಿಡುತ್ತಾರೋ ಎಂದು ನನಗೆ ಭಯವಾಯಿತು. ಹಾಗೆಂದರೆ ಎಲ್ಲ ಮುಗಿಯಿತು.

"ಹೆದರಿದ್ದೆ ತಂಗೀ," ಎಂದರು. "ಹೊತ್ತು ಇತ್ತು. ಶಿರಾಳಕೊಪ್ಪದ ತನಕ ಬಂದಿದ್ದೆ. ನಿಮ್ಮನಿಗೆ ಬಂದ್ರೆ ನಂಗೂ ಜ್ವರ ಹತ್ತುತ್ತೆ ಅಂತ ಹೆದರಿ ವಾಪಸ್ ಹೋದೆ. ಯಾರಿಗೂ ಹೇಳಿಲ್ಲ."

ತಂಗಿ ಕಂಬ ಹಿಡಿದುಕೊಂಡೇ ಮೆಲ್ಲಗೆ ಕೂತರು.

"ನಂಗೂ ಹೆದರಿಕೆ ಆಗಿತ್ತು ಅಣ್ಣ. ಸತ್ತೇ ಹೋಗ್ತೀನಿ ಅಂತಿದ್ದೆ. ನೀನು ಬಂದ್ರೆ ಸಾಯಲ್ಲ ಅಂತ ಅನ್ಸಿತ್ತು."

ಭಾವ ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅರವತ್ತೆಂಟು ವರ್ಷದ ಮನುಷ್ಯ ಅತ್ತದ್ದನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಏನು ಮಾಡಬೇಕೋ ತೋಚದೆ ಚೀಲದಿಂದ ಒಂದು ಪತ್ರಿಕೆ ತೆಗೆದು, ಚಹಾಕ್ಕೆ ಮುಂಚೆಯೇ, ಒಂದೇ ಕೈಯಲ್ಲಿ ಮುಂದೆ ಹಿಡಿದೆ. ತಂಗಿ ಅದನ್ನು ತೆಗೆದುಕೊಳ್ಳಲಿಲ್ಲ. ಅದು ಆಮೇಲೆ, ಅಣ್ಣ ಇವತ್ತು ಇಲ್ಲೇ ಉಳಿಯಲಿ ಎಂದರು. ಎಷ್ಟು ದಿನ ಎಂದು ಹೇಳಲಿಲ್ಲ. ಅವನು ಹೊರಟಾಗ ತಾನೂ ಅವನ ಜೊತೆಗೇ ಬರುತ್ತೇನೆ, ಮದುವೆಮನೆಯ ಕೆಲಸ ಇರುತ್ತದಲ್ಲ ಎಂದಷ್ಟೇ ಹೇಳಿ ಒಲೆ ಹಚ್ಚಲು ಎದ್ದರು.

ಚೀಲದಲ್ಲಿ ಇನ್ನೂ ಅರವತ್ತರ ಹತ್ತಿರ ಪತ್ರಿಕೆ ಇದ್ದವು. ಭಾವ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. ಆ ಹೊತ್ತಿಗೆ ನಾನು ಅವರಿಗೆ ಮೇಷ್ಟ್ರಾಗಿರಲಿಲ್ಲ, ಹೆಂಡತಿಯ ತಮ್ಮ ಅಷ್ಟೇ.

"ಉಳಿದಿದ್ದು ನೀನೇ ಕರ್ದು ಬಾರಪ್ಪ," ಎಂದರು.

ನಲವತ್ತು ವರ್ಷದಲ್ಲಿ ಆ ಚೀಲ ಬೇರೆಯವರ ಕೈಗೆ ಹೋದದ್ದಿಲ್ಲ. ನಾನು ಹೆದರುತ್ತಲೇ ಹೊರಟೆ. ಹಿರಿಯರು ಬಾರದೆ ಹೆಂಡತಿಯ ತಮ್ಮನನ್ನು ಕಳಿಸಿದರೆ ಎಷ್ಟು ಮನೆಗಳಲ್ಲಿ ಮುಖ ಊದುತ್ತದೋ ಎಂಬ ಚಿಂತೆ. ಮೊದಲ ಮನೆಯಲ್ಲಿ ಯಜಮಾನರು ಬಾಗಿಲಲ್ಲೇ, ಅವರೆಲ್ಲಿ ಎಂದು ಕೇಳಿದರು. ತಂಗಿಯ ಮನೆಯಲ್ಲಿ ಉಳಿದಿದ್ದಾರೆ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಹೌದಾ, ಹೋದರಾ ಎಂದರು. ಒಳಗೆ ಹೆಂಡತಿಯನ್ನು ಕೂಗಿ, ಕೇಳಿದೆಯಾ, ಹೋದರಂತೆ ಎಂದರು. ಎರಡನೇ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ನಾವು ಗುಟ್ಟು ಎಂದುಕೊಂಡದ್ದು ಆ ರಸ್ತೆಯ ಉದ್ದಕ್ಕೂ ಎಲ್ಲರಿಗೂ ಗೊತ್ತಿತ್ತು. ಹನ್ನೆರಡು ವರ್ಷ ಭಾವ ಎಲ್ಲಿ ಸಿಕ್ಕರೂ ಚಹಾ ಕುಡಿಸಿ, ಮಳೆ ಬೆಳೆ ಮಾತಾಡಿ, ಈ ಒಂದು ಮಾತನ್ನು ಮಾತ್ರ ಕೇಳದೆ ಕಳಿಸಿದ್ದರು. ನನಗೆ ಆ ಜನರ ಮೇಲೆ ಬಹಳ ಪ್ರೀತಿ ಬಂತು.

ಯಾರೂ ನನ್ನನ್ನು ಹಿಡಿದು ಕೂರಿಸಲಿಲ್ಲ. ಸಂಜೆಯೊಳಗೆ ಹತ್ತೊಂಬತ್ತು ಮನೆ ಮುಗಿದವು. ನೋಟುಪುಸ್ತಕವನ್ನು ನಾನು ತೆರೆಯಲೇ ಇಲ್ಲ. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದರು. ಪತ್ರಿಕೆ ಕೊಟ್ಟೆ, ಅದನ್ನು ನೋಡದೆಯೇ ಮಡಿಲಲ್ಲಿಟ್ಟುಕೊಂಡರು. ಭಾವ ತಂಗಿಯ ಮನೆಯಲ್ಲಿರುವ ಸುದ್ದಿ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಎಷ್ಟು ದಿನ ಇರುತ್ತಾರಂತೆ ಎಂದು ಕೇಳಿದರು. ಗೊತ್ತಿಲ್ಲ, ಮದುವೆಯ ಕೆಲಸ ಬೇಕಾದಷ್ಟಿದೆ, ಎರಡು ದಿನಕ್ಕೇ ಹೊರಡಿಸಬೇಕು ಎಂದೆ.

"ಇರ್ಲಿ ಬಿಡ್ರಿ," ಎಂದರು ಅವರು. "ಆಕಿ ಬಾಳ ದಿನ ಕಾದಾಳೆ."